ಬಿಟ್ಟಿಗೆ ಪ್ರವೇಶವಿಲ್ಲ

“ಇವತ್ತಿನಿಂದ ಈ ಮನೆಯೊಳಗೆ ಬಿಟ್ಟಿಯಾಗಿ ಒಂದು ಸಾಸಿವೆ ಕಾಳೂ ಬರಂಗಿಲ್ಲ!”

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ತಮ್ಮ ಮನೆಯ ಪಡಸಾಲೆಯಲ್ಲಿ ನಿಂತು ಪರಶುರಾಮ್ ಸಾಹೇಬರು ಹೀಗೆ ಘೋಷಿಸಿದ್ದು ಭಾನುವಾರ ಬೆಳಿಗ್ಗೆ. ಕೈಯಲ್ಲಿ ಪೇಪರ್ ಇತ್ತು, ಪೇಪರಿನಲ್ಲಿ ರಾಜ್ಯದ ಸಾಲದ ಸುದ್ದಿ ಇತ್ತು. ಆ ಪೇಪರ್ ಪಕ್ಕದ ಮನೆಯ ಅಬ್ದುಲ್ ರಹೀಮ್ ಅವರದು, ಅವರು ಏಳುವ ಮೊದಲೇ ಓದಿ ಮಡಿಕೆ ಕೆಡದಂತೆ ವಾಪಸ್ ಇಡುವುದು ಸಾಹೇಬರ ಬಹುಕಾಲದ ವ್ರತ ಎಂಬುದನ್ನು ಸದ್ಯಕ್ಕೆ ಬದಿಗಿಡೋಣ. ದೇಶದ ಆರ್ಥಿಕತೆಯ ಪ್ರಶ್ನೆ ಬಂದಾಗ ಇಂಥ ಸಣ್ಣಪುಟ್ಟದ್ದನ್ನೆಲ್ಲ ಕೆದಕುತ್ತ ಕೂರಬಾರದು!

ಸಹಕಾರ ಸಂಘವೊಂದರ ಮ್ಯಾನೇಜರಾಗಿ ನಿವೃತ್ತರಾದ ಮೇಲೆ ಸಾಹೇಬರಿಗೆ ದೇಶದ ಚಿಂತೆ ಅಂಟಿಕೊಂಡಿತ್ತು. ಹೆಂಗಸರಿಗೆ ಬಸ್ಸು ಬಿಟ್ಟಿಯಾದ ಮೇಲಂತೂ ಅವರು ಸರಿಯಾಗಿ ನಿದ್ದೆ ಮಾಡಿದ್ದೇ ಇಲ್ಲ. ಹೆಂಡತಿ ಪ್ರೇಮಲತಾ ಆಗಾಗ ಆಧಾರ್ ಕಾರ್ಡು ಹಿಡಿದು ಬಸ್ಸು ಹತ್ತಿ ಹರಿಹರದ ತಂಗಿ ಸುಧಾಳ ಮನೆಗೆ ಹೋಗುವರು, ಬರುವಾಗ ಅಲ್ಲಿಯ ತಾಜಾ ತರಕಾರಿ ತರುವರು. ಆ ತರಕಾರಿಯ ಪಲ್ಯವನ್ನು ಎರಡೆರಡು ಸಲ ಬಡಿಸಿಕೊಳ್ಳುತ್ತಲೇ ಸಾಹೇಬರು ಬಿಟ್ಟಿ ಬಸ್ಸನ್ನು ಬೈಯುವರು. ನಿನ್ನೆ ಮಾತ್ರ ಹೊಸ್ತಿಲಿಗೆ ಅಡ್ಡ ನಿಂತು, ಹೆಂಡತಿಯನ್ನು ಹರಿಹರಕ್ಕೆ ಹೋಗಗೊಡಲೇ ಇಲ್ಲ.

“ಒಳ್ಳೇ ದಿನಾನೇ ನೋಡಿ ಹಠ ಹಿಡಿದ್ರಿ!” ಎಂದರು ಪ್ರೇಮಲತಾ. “ಮಧ್ಯಾಹ್ನ ಊಟಕ್ಕೆ ಹರಿಹರದಿಂದ ಬೊಮ್ಮಣ್ಣಾರು, ಹೊನ್ನಕ್ಕಾರು ಬರ್ತಾರೆ. ಅಂಕಿತಾನ ಮಾತು ಇವತ್ತು ಮುಗೀಬೇಕು. ಮನ್ಯಾಗೆ ನೋಡಿದ್ರೆ ಒಂದು ಬದನೆಕಾಯಿ ಇಲ್ಲ!”

ಅಂಕಿತಾ ಅವರ ಒಬ್ಬಳೇ ಮಗಳು. ಬೊಮ್ಮಣ್ಣನ ಮಗ ಶಿವು ಅವಳನ್ನು ನೋಡಿ ಒಪ್ಪಿದ್ದ, ಅವಳೂ ಒಪ್ಪಿದ್ದಳು. ಉಳಿದದ್ದು ಹಿರಿಯರ ಒಪ್ಪಿಗೆ. ಊಟವಾಗಿ, ಎಲೆ ಅಡಿಕೆ ಕೈ ಬದಲಾದರೆ ಸಂಬಂಧ ಕುದುರಿದಂತೆ.

“ನಾನು ತರ್ತೀನಿ ಬಿಡು. ದುಡ್ಡು ಕೊಟ್ಟು, ಮರ್ಯಾದೆಯಿಂದ!”

“ಬದನೆಕಾಯಿ, ನಿಂಬೆಹಣ್ಣು ತರ್ರಿ. ಎಲ್ಲಕ್ಕಿಂತ ಮುಖ್ಯ ವೀಳ್ಯದೆಲೆ, ಮರೀಬ್ಯಾಡ್ರಿ. ಹಜೀರಾಬೀ ಅಂಗಡಿಗೇ ಹೋಗ್ರಿ. ನನ್ನ ಹೆಸರು ಹೇಳ್ರಿ.”

“ಹೆಸರು ಹೇಳಿದ್ರೆ ಅದು ವಶೀಲಿ ಆಗ್ತೈತೆ,” ಎಂದು ಸಾಹೇಬರು ಚೀಲ ಹಿಡಿದು ಹೊರಟರು.

ಹೊರಡುವ ಮುಂಚೆ ಇನ್ನೊಂದು ಘನಕಾರ್ಯ ಮಾಡಿದರು. ಒಂದು ಪ್ಲೈವುಡ್ ತುಂಡಿಗೆ ಕೆಂಪು ಬಣ್ಣದಲ್ಲಿ ಬರೆದು ಒಣಗಿಸಿದ್ದ ಬೋರ್ಡನ್ನು ಗೇಟಿಗೆ ಕಟ್ಟಿದರು. ಗಾಳಿಗೆ ಹಾರದಿರಲೆಂದು ತಂತಿ ಸುತ್ತಿ ಸುತ್ತಿ ಬಿಗಿದರು. ಬೋರ್ಡು ಹೀಗಿತ್ತು: “ಬಿಟ್ಟಿ ವಸ್ತುಗಳಿಗೂ ಬಿಟ್ಟಿ ಸೌಲಭ್ಯ ಪಡೆಯುವವರಿಗೂ ಈ ಮನೆಗೆ ಪ್ರವೇಶವಿಲ್ಲ.” ಎರಡು ಹೆಜ್ಜೆ ಹಿಂದೆ ಸರಿದು ಓದಿಕೊಂಡಾಗ ಎದೆ ಉಬ್ಬಿತು. ಇಂಥ ಬೋರ್ಡು ವಿಧಾನಸೌಧದ ಮೇಲಿರಬೇಕಿತ್ತು ಅನ್ನಿಸಿತು!

ಮಾರ್ಕೆಟ್ಟಿನಲ್ಲಿ ಹಜೀರಾಬೀ ಆಗಷ್ಟೇ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದರು. ಸಾಹೇಬರದೇ ಬೋಣಿ. ಬದನೆಕಾಯಿ, ನಿಂಬೆಹಣ್ಣು, ವೀಳ್ಯದೆಲೆ ಎಲ್ಲ ಚೀಲಕ್ಕೆ ಬಿತ್ತು. ಹಜೀರಾಬೀ ನೋಟನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಒಂದು ಹಿಡಿ ಕೊತ್ತಂಬರಿ, ನಾಲ್ಕು ಹಸಿಮೆಣಸಿನಕಾಯಿ ತೆಗೆದು ಚೀಲದ ಮೇಲಿಟ್ಟರು.

“ಇದೇನಿದು?” ಎಂದರು ಸಾಹೇಬರು.

“ಕೊಸರು ಅಣ್ಣಾರ. ಇದು ಪ್ರೇಮಕ್ಕಾರ ಚೀಲ ಅಲ್ಲೇನ್ರಿ? ನೋಡಿದ ಕೂಡ್ಲೇ ಗುರುತು ಸಿಕ್ತು.”

“ಇದಕ್ಕೆ ನಾನು ದುಡ್ಡು ಕೊಟ್ಟಿಲ್ಲ. ನನಗೆ ಬಿಟ್ಟಿ ಬ್ಯಾಡ.”

“ಅಯ್ಯ, ಬಿಟ್ಟಿ ಅಲ್ರಿ. ಕೊಸರು!”

“ಎರಡೂ ಒಂದೇ! ನೀವು ಕೊಸರು ಹಾಕ್ತೀರಿ, ಸರ್ಕಾರ ಬಸ್ಸು ಬಿಡ್ತೈತೆ. ಹಿಂಗೇ ದೇಶ ಹಾಳಾಗಿದ್ದು!”

ಹಜೀರಾಬೀ ಚೀಲದ ಮೇಲಿದ್ದ ಕೊತ್ತಂಬರಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. “ಇಷ್ಟು ಕೊತ್ತಂಬ್ರಿಯಿಂದಾನಾ?”

“ಇಷ್ಟಿಷ್ಟರಿಂದಲೇ ಶುರು ಆಗೋದು,” ಎಂದು ಸಾಹೇಬರು ಕೊಸರನ್ನು ಬುಟ್ಟಿಗೆ ವಾಪಸ್ ಹಾಕಿದರು. ಅಷ್ಟೇ! ಹಜೀರಾಬೀಯ ಮುಖ ಕೆಂಪಾಯಿತು.

“ಬೋಣಿ ಟೈಮ್ನಾಗೆ ಕೊಸರು ಒಲ್ಲೆ ಅಂತೀರಾ? ದಿನವೆಲ್ಲ ನನ್ನ ವ್ಯಾಪಾರದ ಗತಿ ಏನಾಗ್ಬೇಕ್ರಿ? ನಿಮ್ಮ ವ್ಯಾಪಾರಾನೇ ನಮಗೆ ಬ್ಯಾಡ!” ಎಂದವರೇ ಚೀಲವನ್ನು ಬುಡಮೇಲು ಮಾಡಿ ಎಲ್ಲ ಸುರುವಿಕೊಂಡರು. ಕಣ್ಣಿಗೊತ್ತಿಕೊಂಡಿದ್ದ ನೋಟು ವಾಪಸ್ ಬಂತು. ಚೀಲ ಬರಲಿಲ್ಲ, ಅದನ್ನು ಸಿಟ್ಟಿನಲ್ಲಿ ತಮ್ಮ ಕಾಲ ಕೆಳಗೇ ಹಾಕಿಕೊಂಡರು. ಆಮೇಲೆ ಸಾಲಿನ ಆ ತುದಿಯವರೆಗೆ ಕೇಳುವಂತೆ ಕೂಗಿದರು: “ಏ ಸುಮೈರಾ, ಈ ಸಾಹೇಬ್ರು ಕೊಸರು ತಗೊಳ್ಳಂಗಿಲ್ಲಂತೆ ನೋಡೇ!”

ಸುದ್ದಿ ಸಾಹೇಬರಿಗಿಂತ ಮುಂದೆ ಓಡಿತು. ಸುಮೈರಾ ಟೊಮೆಟೊ ಬುಟ್ಟಿಗೆ ಗೋಣಿ ಮುಚ್ಚಿದಳು. ಬಾಳೆಹಣ್ಣಿನವನು ಬೆನ್ನು ತಿರುಗಿಸಿ ಕೂತ. ಜೇಬಿನ ತುಂಬ ದುಡ್ಡಿದ್ದರೂ ಒಂದು ನಿಂಬೆಹಣ್ಣು ಹುಟ್ಟದ ಇಂಥ ಆರ್ಥಿಕ ಮುಗ್ಗಟ್ಟನ್ನು ಸಾಹೇಬರು ಯಾವ ಪೇಪರಿನಲ್ಲೂ ಓದಿರಲಿಲ್ಲ!

ಸಾಹೇಬರ ಸ್ಕೂಟರು ಪಿ.ಜೆ. ಬಡಾವಣೆಯ ಹೊಸ ಸೂಪರ್ ಮಾರ್ಕೆಟ್ಟಿನ ಕಡೆ ತಿರುಗಿತು. ಅಲ್ಲಿ ಬದನೆಕಾಯಿ ಪ್ಲಾಸ್ಟಿಕ್ ಹೊದ್ದು ತಣ್ಣಗೆ ಮಲಗಿತ್ತು. ಜೊತೆಗೆ ಒಂದು ಬಟ್ಟಲನ್ನು ಟೇಪು ಹಾಕಿ ಅಂಟಿಸಿದ್ದರು.

“ಈ ಬಟ್ಟಲು ಬ್ಯಾಡಮ್ಮ,” ಎಂದರು ಬಿಲ್ಲಿನ ಕೌಂಟರಿನಲ್ಲಿದ್ದ ಹುಡುಗಿಗೆ.

“ಫ್ರೀ ಸಾರ್ ಅದು.”

“ಫ್ರೀ ಅಂತಲೇ ಬ್ಯಾಡ ಅಂದಿದ್ದು.”

“ಬಟ್ಟಲು ಬಿಟ್ರೆ ಬಿಲ್ ಆಗಲ್ಲ ಸಾರ್. ಸಿಸ್ಟಮ್ ತಗೊಳ್ಳಲ್ಲ.”

“ದೇಶದ ತುಂಬ ಇದೇ ಆಗೈತೆ!” ಎಂದು ಸಾಹೇಬರು ಭಾಷಣ ಶುರು ಮಾಡುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು, “ಅಣ್ಣಾರೇ, ನಿಮಗೆ ಬ್ಯಾಡಾದ್ರೆ ಬಟ್ಟಲು ನನಗೆ ಕೊಟ್ಟು ಜಾಗ ಖಾಲಿ ಮಾಡ್ರಿ!” ಎಂದರು. ಎಲ್ಲರೂ ನಕ್ಕರು. ಸಾಹೇಬರು ಬಟ್ಟಲು ಕೊಟ್ಟು, ಕಿವಿ ಬಿಸಿಯಾಗಿ, ಕೈಚೀಲ ಕೇಳಿದರು. “ಕ್ಯಾರಿ ಬ್ಯಾಗಿಗೆ ಬೇರೆ ದುಡ್ಡು ಸಾರ್,” ಎಂದಳು ಹುಡುಗಿ. ಆಗ ಮಾತ್ರ ಅವರ ಮುಖ ಅರಳಿತು. ಕೊನೆಗೂ ತತ್ವವಿರುವ ಒಂದು ಸಂಸ್ಥೆ! ನಿಂಬೆಹಣ್ಣೂ ಸಿಕ್ಕಿತು. ವೀಳ್ಯದೆಲೆ ಮಾತ್ರ ಇರಲಿಲ್ಲ. “ಪ್ಲಾಸ್ಟಿಕ್ ಎಲೆ ಐತೆ ಸಾರ್, ತೋರಣದ್ದು. ಕೊಡ್ಲಾ?” ಎಂದಳು ಹುಡುಗಿ.

ಮನೆ ತಲುಪುವಾಗ ಬಿಸಿಲು ನೆತ್ತಿಗೇರಿತ್ತು. ಗೇಟಿನ ಹೊರಗೆ, ಆ ಬಿಸಿಲಿನಲ್ಲೇ, ಬೊಮ್ಮಣ್ಣ ಮತ್ತು ಹೊನ್ನಕ್ಕ ನಿಂತಿದ್ದರು! ಹೊನ್ನಕ್ಕನ ಕಾಲ ಬಳಿ ಒಂದು ಚೀಲ, ಅದರ ತುಂಬ ಹರಿಹರದ ತಮ್ಮ ಹೊಲದ ಎಳೆಯ ಬದನೆಕಾಯಿ.

“ಅಯ್ಯೋ, ಯಾಕ ಹೊರಗೆ ನಿಂತೀರಿ? ಒಳಗೆ ಬರ್ರಿ, ಬರ್ರಿ!”

ಹೊನ್ನಕ್ಕ ಬೆರಳು ಮಾಡಿ ಬೋರ್ಡು ತೋರಿಸಿದರು. “ನಮಗೂ ಓದಾಕ ಬರ್ತೈತ್ರಿ.”

ಬೊಮ್ಮಣ್ಣ ಸಂಕೋಚದಿಂದ ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡರು. “ನಾನು ಟಿಕೆಟ್ ತಗೊಂಡೀನ್ರಿ. ನನ್ನದೇನೂ ತಕರಾರಿಲ್ಲ, ನಾನು ಒಳಗೆ ಬರಬಹುದು. ಇವಳು ಬಿಟ್ಟಿ ಬಸ್ಸಿನಾಗೆ ಬಂದಾಳೆ ನೋಡ್ರಿ. ಈ ಬದನೆಕಾಯಿನೂ ನಿಮಗೆ ಅಂತ ಸುಮ್ನೆ ತಂದಿದ್ದು. ಅದನ್ನೂ ಒಳಗೆ ಬಿಡಂಗಿಲ್ಲ ಅಂತ ಐತಲ್ರಿ.”

ಅಷ್ಟರಲ್ಲಿ ಪ್ರೇಮಲತಾ ಸೆರಗಿಗೆ ಕೈ ಒರೆಸುತ್ತ ಓಡಿ ಬಂದರು. “ಆಗ್ಲಿಂದ ಕರೀತಿದೀನಿ, ಒಬ್ಬರೂ ಒಳಗೆ ಬರ್ತಿಲ್ಲ. ಏನೈತೆ ಅಂತದ್ದು ಆ ಗೇಟಿಗೆ?” ಹೊರಗೆ ಬಂದು ಬೋರ್ಡು ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಗಂಡನನ್ನು ನೋಡಿದ ನೋಟವಿದೆಯಲ್ಲ, ಅದನ್ನು ಬರೆಯಲು ಕೆಂಪು ಬಣ್ಣವೂ ಸಾಲದು.

“ನಾನೂ ಬಿಟ್ಟಿ ಬಸ್ಸಿನಾಗೆ ಓಡಾಡೋಳೇ ಅಲ್ಲೇನ್ರಿ?” ಎಂದು ಹೊನ್ನಕ್ಕನ ಪಕ್ಕ ಹೋಗಿ ನಿಂತುಬಿಟ್ಟರು.

“ಅಪ್ಪಾ, ನಾನೂ ದಿನಾ ಹರಿಹರದ ಸ್ಕೂಲಿಗೆ ಪಾಠ ಮಾಡಕ್ಕೆ ಅದೇ ಬಸ್ಸಿನಾಗೆ ಹೋಗೋದು,” ಎಂದು ಅಂಕಿತಾ ಸೀರೆ ನೆರಿಗೆ ಎತ್ತಿ ಹಿಡಿದು ಬಂದು ಅಮ್ಮನ ಪಕ್ಕ ನಿಂತಳು. ತುಟಿಯಲ್ಲಿ ನಗು ತಡೆದುಕೊಂಡಿದ್ದಳು, ಕಣ್ಣಿನಲ್ಲಿ ಮಾತ್ರ ಹೆದರಿಕೆ ಇತ್ತು. ಆ ಹೆದರಿಕೆ ಸಾಹೇಬರ ಕಣ್ಣಿಗೆ ಬಿತ್ತು. ಮಗಳ ಸಂಬಂಧ ತಮ್ಮ ಕೈಬರಹದ ಒಂದು ಬೋರ್ಡಿಗೆ ಮುರಿದು ಬೀಳುವುದೇ?

ಒಳಗೆ ಹೋಗಲು ಅರ್ಹರಾಗಿ ಉಳಿದವರು ಇಬ್ಬರೇ ಗಂಡಸರು. ಇಬ್ಬರಿಗೂ ಒಲೆ ಹಚ್ಚಲು ಬರುತ್ತಿರಲಿಲ್ಲ!

ಸಾಹೇಬರು ಬೋರ್ಡಿಗೆ ಕೈ ಹಾಕಿದರು. ಅದು ಅಲ್ಲಾಡಲಿಲ್ಲ. ತಂತಿ ಬಿಚ್ಚಲು ಹೋದರೆ ಬೆರಳಿಗೆ ಚುಚ್ಚಿತು. ಎಳೆದರು, ಗೇಟು ಕಿರುಗುಟ್ಟಿತು. ಸದ್ದು ಕೇಳಿ ಪಕ್ಕದ ಮನೆಯ ಅಬ್ದುಲ್ ರಹೀಮ್ ಕಾಂಪೌಂಡಿನ ಮೇಲಿಂದ ಇಕ್ಕಳ ಚಾಚಿದರು. “ತಗೊಳ್ರಿ ಸಾಹೇಬ್ರೇ. ಸಾವಕಾಶ ಮಾಡ್ಕೊಳ್ರಿ. ನಾಳೆ ಪೇಪರ್ ವಾಪಸ್ ಇಡೋವಾಗ ಇದನ್ನೂ ಇಟ್ಟುಬಿಡ್ರಿ.”

“ಯಾವ ಪೇಪರ್?” ಎಂದು ಕೇಳಿದರು ಹೊನ್ನಕ್ಕ.

ಸಾಹೇಬರು ತಲೆ ತಗ್ಗಿಸಿ ತಂತಿ ಕತ್ತರಿಸಿದರು. ರಹೀಮ್ ಅವರಿಗೆ ಗೊತ್ತಿತ್ತು! ಇಷ್ಟು ದಿನವೂ ಗೊತ್ತಿದ್ದೇ ಸುಮ್ಮನಿದ್ದರು! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಸಾಹೇಬರಿಗೆ. ಬಿಡಲಿಲ್ಲ.

ಬೋರ್ಡು ಇಳಿಯಿತು, ಜನ ಒಳಗೆ ಬಂದರು. ಹೊನ್ನಕ್ಕ ತಂದ ಬದನೆಕಾಯಿಯೇ ಎಣ್ಣೆಗಾಯಿ ಆಯಿತು. ಸೂಪರ್ ಮಾರ್ಕೆಟ್ಟಿನದನ್ನು ಪ್ರೇಮಲತಾ ಮುಟ್ಟಲೂ ಇಲ್ಲ. ಊಟಕ್ಕೆ ಕೂತಾಗ ಸಾಹೇಬರು ತುತ್ತನ್ನು ತಟ್ಟೆ ನೋಡಿಕೊಂಡೇ ನುಂಗಿದರು. ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಹೊನ್ನಕ್ಕ ಕೈ ತೊಳೆದು ಬಂದು, ಸೊಂಟದ ಚೀಲ ಬಿಚ್ಚುತ್ತ ಕೇಳಿದರು: “ಊಟಕ್ಕೆ ಎಷ್ಟಾತ್ರೀ?”

ಸಾಹೇಬರು ತಟ್ಟನೆ ಎದ್ದು ನಿಂತರು.

“ಹಂಗಲ್ರಿ ಹೊನ್ನಕ್ಕಾರೆ...” ಎಂದು ಕೈ ಮುಗಿದರು. “ನಂದು ತಪ್ಪಾತು. ನಾನು ಬೋರ್ಡು ಬರೆದಿದ್ದು ಸರ್ಕಾರಕ್ಕೆ. ಓದಿದ್ದು ಮನೆಯೋರು.”

ಹೊನ್ನಕ್ಕ ಸೊಂಟದ ಚೀಲವನ್ನು ಕಟ್ಟಲಿಲ್ಲ. “ಎಲೆ ಅಡಿಕೆ ತರ್ರಿ,” ಎಂದರು ಬೊಮ್ಮಣ್ಣ, ಮಾತು ಮುಂದಕ್ಕೆ ಹೋಗಲೆಂದು. ಅಡಿಕೆ ಇತ್ತು. ಎಲೆ ಇರಲಿಲ್ಲ! ಪ್ರೇಮಲತಾ ಗಂಡನನ್ನು ನೋಡಿದರು. ಗಂಡ ಸ್ಕೂಟರಿನ ಕೀಲಿಯನ್ನು ನೋಡಿದರು.

ಸಾಹೇಬರು ಮತ್ತೆ ಮಾರ್ಕೆಟ್ಟಿಗೆ ಹೋಗಿ ಹಜೀರಾಬೀಯ ಮುಂದೆ ನಿಂತು ವೀಳ್ಯದೆಲೆ ಕೇಳಿದರು. ಆಕೆ ಮುಖ ಎತ್ತದೆಯೇ ವೀಳ್ಯದೆಲೆ ಎಣಿಸಿ ಕಟ್ಟಿದರು, ದುಡ್ಡು ತೆಗೆದುಕೊಂಡರು, ಬೆಳಗಿನ ಚೀಲವನ್ನೂ ಮುಂದಿಟ್ಟರು. ಮುಗಿಯಿತು. ಆದರೆ ಸಾಹೇಬರು ಅಲ್ಲಿಂದ ಕದಲಲಿಲ್ಲ. ಚೀಲದ ಬಾಯಿ ಅಗಲಿಸಿ ಹಿಡಿದು ನಿಂತರು.

“ಇನ್ನೇನ್ರಿ?”

“ಸ್ವಲ್ಪ... ಕೊಸರು,” ಎಂದರು, ತಮಗೇ ಕೇಳದಷ್ಟು ಮೆಲ್ಲಗೆ.

“ಏನಂದ್ರಿ?”

“ಕೊಸರು ಹಾಕ್ರಿ ಹಜೀರಾಬೀ. ಬೆಳಿಗ್ಗೆ ಬೋಣಿ ಕೆಡಿಸಿದ್ದು ನನ್ನ ತಪ್ಪು.”

ಹಜೀರಾಬೀ ಎರಡೂ ಕೈ ಬಾಯಿಗೆ ಅಡ್ಡ ಹಿಡಿದು ಕೂಗಿದರು: “ಏ ಸುಮೈರಾ! ಸಾಹೇಬ್ರು ಈಗ ಬಿಟ್ಟಿ ಕೇಳಾಕ ಬಂದಾರ ನೋಡೇ!”

ಸಾಲಿಗೆ ಸಾಲೇ ನಕ್ಕಿತು. ಒಬ್ಬರು ಕೊತ್ತಂಬರಿ ಹಾಕಿದರು. ಒಬ್ಬರು ಕರಿಬೇವು ತುರುಕಿದರು. ಸುಮೈರಾ ಗೋಣಿ ಸರಿಸಿ ಟೊಮೆಟೊ ಹಾಕಿದಳು. ಬೆಳಿಗ್ಗೆ ಬೆನ್ನು ತಿರುಗಿಸಿದ್ದವನು ಬಾಳೆಹಣ್ಣು ಇಟ್ಟ. ಎಲ್ಲರ ಮುಂದೆ ಚೀಲ ಹಿಡಿದು ನಿಂತ ಸಾಹೇಬರು ನಾಚಿ ನೀರಾಗಿದ್ದರು. ಅವರು ಕೊಂಡದ್ದು ಒಂದು ಕಟ್ಟು ಎಲೆ, ಚೀಲ ಮಾತ್ರ ತುಂಬಿ ತುಳುಕುತ್ತಿತ್ತು!

ಆ ಚೀಲವನ್ನು ಪಡಸಾಲೆಯ ಮಧ್ಯೆ ಇಟ್ಟು, ನಡೆದದ್ದೆಲ್ಲವನ್ನೂ ಒಂದೂ ಬಿಡದೆ ಒಪ್ಪಿಸಿದರು. ಹೇಳುತ್ತ ಹೇಳುತ್ತ ಕಣ್ಣು ನೆಲದಲ್ಲೇ ಇತ್ತು. ಬೊಮ್ಮಣ್ಣ ಕೆಮ್ಮಿದಂತೆ ಮಾಡಿ ನಗು ನುಂಗಿದರು. ಅಂಕಿತಾ ಬಾಗಿಲ ಬಳಿ ನಿಂತಿದ್ದಳು.

ಹೊನ್ನಕ್ಕ ಚೀಲದ ಕೊತ್ತಂಬರಿ ಸರಿಸಿ ವೀಳ್ಯದೆಲೆಯ ಕಟ್ಟು ತೆಗೆದರು. ಎಲೆಯ ಮೇಲೆ ಅಡಿಕೆ ಇಟ್ಟು ಪ್ರೇಮಲತಾ ಅವರ ಕೈಗೆ ಕೊಟ್ಟರು.

“ಹುಡುಗಿ ನಮಗೆ ಒಪ್ಪಿಗೆ ಐತ್ರಿ ಪ್ರೇಮಕ್ಕಾರೆ,” ಎಂದರು. ಆಮೇಲೆ ಸಾಹೇಬರ ಕಡೆ ತಿರುಗಿ, ಸೊಂಟದ ಚೀಲವನ್ನು ನಿಧಾನಕ್ಕೆ ಕಟ್ಟಿಕೊಳ್ಳುತ್ತ ಹೇಳಿದರು:

“ಇವರನ್ನ ಕೊಸರು ಅಂತ ತಿಳ್ಕೊಂತೀವಿ. ಕೊಸರು ಒಲ್ಲೆ ಅನ್ನಬಾರದಲ್ರಿ!”