ಹೊತ್ತಿಗೆ ಒಂದೇ ಮುದ್ದೆ

ಬಡವನ ಮನೆಗೆ ಬರುವ ರೋಗಕ್ಕೆ ಸ್ವಲ್ಪವಾದರೂ ದಾಕ್ಷಿಣ್ಯ ಇರಬೇಕು. ಸಕ್ಕರೆ ಕಾಯಿಲೆಗೆ ಅದಿಲ್ಲ. ಹಣ್ಣು, ತರಕಾರಿ, ಕಾಳು ಎಂದು ಅದು ಕೇಳಿದ್ದನ್ನೆಲ್ಲ ಕೊಟ್ಟು ಸಾಕಲು ನಾನು ಪಿರಿಯಾಪಟ್ಟಣದ ಬಟ್ಟೆ ಅಂಗಡಿಯ ಮಾಲೀಕನಲ್ಲ, ಅಲ್ಲಿ ಬಟ್ಟೆ ಅಳೆದು ಕೊಡುವವನು. ರೇಷನ್ನಿನಲ್ಲಿ ಸುಲಭವಾಗಿ ಸಿಗುವುದು ಅಕ್ಕಿ. ಡಾಕ್ಟರು ಬೇಡವೆಂದದ್ದೂ ಅದನ್ನೇ. ಕಾಲಿನ ಹೆಬ್ಬೆರಳ ಹುಣ್ಣು ಮಾಯದಿದ್ದಾಗ, "ಹೊತ್ತಿಗೆ ಒಂದೇ ಮುದ್ದೆ, ಜೊತೆಗೆ ಸೊಪ್ಪು. ಇಲ್ಲದಿದ್ದರೆ ಬೆರಳು ತೆಗೀಬೇಕಾಗುತ್ತೆ" ಎಂದರು. ದಿನವಿಡೀ ನಿಂತು ದುಡಿಯುವ ನಾನು ನಿಜಕ್ಕೂ ಹೆದರಿದೆ.

ನನ್ನ ಹೆಂಡತಿ ಜಯಮ್ಮ ಕಂಪಲಾಪುರದ ಕಡೆಯವಳು. ಮಾರನೆಯ ದಿನದಿಂದಲೇ ಹೊಲದ ಬದುಗಳಲ್ಲಿ ಬೆರಕೆ ಸೊಪ್ಪು ಆಯ್ದು ತಂದು ಸಾರು ಮಾಡತೊಡಗಿದಳು. ತಟ್ಟೆಗೆ ಒಂದೇ ಮುದ್ದೆ ಬಿತ್ತು. ಯಾವ ದೇವರ ವ್ರತವನ್ನೂ ನಾನು ಅಷ್ಟು ನಿಷ್ಠೆಯಿಂದ ಮಾಡಿದವನಲ್ಲ. ಆದರೂ ಸಕ್ಕರೆ ಏರಿತು. ಡಾಕ್ಟರು ನಂಬದೆ, ಉಣ್ಣುವುದನ್ನು ತಂದು ತೋರಿಸಿ ಎಂದರು. ಜಯಮ್ಮ ಟಿಫನ್ ಡಬ್ಬಿಗೆ ಮುದ್ದೆ ತುರುಕಿಕೊಂಡು ಬಂದಳು. ಅವರು ಡಬ್ಬಿ ಬೋರಲು ಹಾಕಿದರು. ಮುದ್ದೆ ಈಚೆಗೆ ಬರಲಿಲ್ಲ.

"ಇದು ಒಂದಾ?"

"ಒಂದೇಯ ಸ್ವಾಮಿ. ಮುಂಚೆ ಎರಡು ಇಕ್ತಿದ್ದೆ, ಈಗ ಅದ್ನೇ ಸೇರ್ಸಿ ಒಂದು ಮಾಡಿವ್ನಿ" ಎಂದಳು ಜಯಮ್ಮ. "ಗಂಡಸಿನ ತಟ್ಟೆಗೆ ಸಣ್ಣದಿಕ್ಕುದ್ರೆ ನೋಡ್ದೋರು ಏನಂದಾರು?"

ಅಂಗುಲ ತಪ್ಪದಂತೆ ಬಟ್ಟೆ ಅಳೆಯುವ ನಾನು ಮುದ್ದೆಯನ್ನು ಎಣಿಸಿದ್ದೆನೇ ಹೊರತು ಅಳೆದಿರಲಿಲ್ಲ.

ಅಂದಿನಿಂದ ಮುದ್ದೆ ಕಿತ್ತಳೆ ಹಣ್ಣಿನಷ್ಟಾಯಿತು. ಹಸಿದ ಗಂಡನ ಎದುರು ಹೊಟ್ಟೆ ತುಂಬ ಉಣ್ಣಲು ಜಯಮ್ಮನಿಗೆ ಮನಸ್ಸು ಬರಲಿಲ್ಲ. "ನಂಗೂ ಸಾಕು ಕಣ್ರೀ" ಎಂದು ತನ್ನ ಮುದ್ದೆಯಲ್ಲಿ ಅರ್ಧ ಉಳಿಸತೊಡಗಿದಳು. ಅದನ್ನು ಹಿತ್ತಲಿನ ನಾಯಿಗೆ ಹಾಕುವ ಕೆಲಸ ನಾನು ವಹಿಸಿಕೊಂಡೆ. ನೋಡನೋಡುತ್ತ ಅವಳ ರವಿಕೆಯ ತೋಳು ಸಡಿಲವಾಯಿತು. ಅಳತೆಯ ಕಸುಬಿನವನ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ? ಸಂಕಟವಾಯಿತು. "ಸಕ್ಕರೆ ಕಾಯ್ಲೆ ನಿಂಗೇನವ್ವಾ?" ಎಂದು ಬೀದಿಯ ಹೆಂಗಸರು ಅವಳನ್ನೇ ಕೇಳಿದರು.

ಮೊನ್ನೆ ಮತ್ತೆ ರಕ್ತ ಪರೀಕ್ಷೆಯಾಯಿತು. ಹುಣ್ಣು ಮಾದಿಲ್ಲ, ಸಕ್ಕರೆ ಇಳಿದಿಲ್ಲ. ಬೆರಳು ಉಳಿಯುವುದು ಕಷ್ಟ ಎಂದು ಡಾಕ್ಟರು ನನ್ನ ಮುಖ ನೋಡಿದರು. "ಅಷ್ಟೇಯ ಸ್ವಾಮಿ ಅವ್ರು ಉಣ್ಣೋದು. ನಾನೇ ಅಲ್ವರಾ ಇಕ್ಕೋದು?" ಎಂದು ಜಯಮ್ಮ ಕಣ್ಣು ಒರೆಸಿಕೊಂಡಳು. ಮುದ್ದೆಯನ್ನು ಅಗಿಯಬೇಕಿಲ್ಲ, ನುಂಗಿದರಾಯಿತು. ಕಳ್ಳನಿಗೆ ಅದೊಂದು ಅನುಕೂಲ. ತಾನು ಹಸಿದು ಉಳಿಸಿದ ಆ ಅರ್ಧ ಮುದ್ದೆಯನ್ನು ದಿನವೂ ತಿಂದ ನಾಯಿ ತನ್ನ ಪಕ್ಕದಲ್ಲೇ ತಲೆ ತಗ್ಗಿಸಿ ಕುಳಿತಿದೆ ಎಂಬುದು, ಪಾಪ, ಅವಳಿಗೆ ಗೊತ್ತಿಲ್ಲ.