ತನ್ನನ್ನೇ ಕರೆಯುವ ಕಾಲುವೆ

ಸುರಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ರಿಕರ್ಶನ್ ಪಾಠ ಮಾಡಿದ ಪ್ರತಿ ವರ್ಷವೂ ಯಾರಾದರೊಬ್ಬರು ನನಗೇ ಏನಾದರೂ ಕಲಿಸಿಬಿಡುತ್ತಾರೆ. ಸಂಬಳ ಮಾತ್ರ ನನಗೆ ಬರುತ್ತದೆ.

೧

ದೊಡ್ಡ ಕೆಲಸವನ್ನು ಸ್ವಲ್ಪ ಚಿಕ್ಕದು ಮಾಡಿ ಪ್ರೋಗ್ರಾಂ ಮತ್ತೆ ತನಗೇ ಒಪ್ಪಿಸಿಕೊಳ್ಳುವುದು ರಿಕರ್ಶನ್. ಎಲ್ಲಿ ನಿಲ್ಲಬೇಕೆಂದು ಮೊದಲೇ ಬರೆದಿರಬೇಕು. ಬೋನಾಳ ಕಡೆ ಕಾಲುವೆ ಗೇಟು ನೋಡಿಕೊಳ್ಳುವವರ ಮಗಳು ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಅದನ್ನು ಬರೆಯಲಿಲ್ಲ. ಕಂಪ್ಯೂಟರ್ ತನಗೆ ತಾನೇ ಕೆಲಸ ಒಪ್ಪಿಸಿ ಒಪ್ಪಿಸಿ ಕೈಚೆಲ್ಲಿತು, ಹುಡುಗಿ ಫೇಲಾದಳು.

"ಎಲ್ಲಿ ನಿಂದ್ರಬೇಕಂತ ಯಾಕ ಬರೀಲಿಲ್ಲವ್ವ?"

"ದಣಿವಾದ್ರ ತಾನ ನಿಂದರತೈತಿ ಅನ್ಕೊಂಡೆ ರೀ ಸರ್."

ಯಂತ್ರದ ಮೇಲೆ ತೋರಿಸಿದ ಕರುಣೆಗೆ ನಮ್ಮ ಪಠ್ಯಕ್ರಮದಲ್ಲಿ ಅಂಕವಿಲ್ಲ.

೨

ಇನ್ನೊಮ್ಮೆ ಫೇಲಾದರೆ ಓದು ಬಿಡಿಸುತ್ತೇನೆಂದು ಅವಳಪ್ಪ ಹೇಳಿದ್ದರು. ಹಟಕ್ಕೆ ಬಿದ್ದ ಹುಡುಗಿ ಅಪ್ಪನ ಕೆಲಸವನ್ನೇ ಪ್ರೋಗ್ರಾಂ ಮಾಡಿದಳು: ಕಾಲುವೆಯ ಗೇಟು ತೆರೆ, ಪ್ರತಿ ಕವಲಿಗೂ ಹೀಗೇ ಮಾಡು, ಹೊಲ ಬಂದರೆ ನಿಲ್ಲು. ಅಪ್ಪನಿಗೆ ಓದಿ ಹೇಳಿದಳು. ಅವರು ನೆಟ್ಟಗೆ ನನ್ನ ಬಳಿ ಬಂದರು.

"ಇಪ್ಪತ್ತು ವರ್ಷ ಗೇಟಿಂದ ಗೇಟಿಗೆ ಸೈಕಲ್ ತುಳದೀನಿ. ನನ್ನ ಕೆಲ್ಸ ಬರೇ ಆರ ಸಾಲೇನ್ರಿ ಸರ್?"

"ಚಿಕ್ಕದಾಗಿ ಬರೀಬಹುದು, ಅದ ಇದರ ಲಾಭ."

"ಲಾಭ ಖರೆ. ಆದ್ರ ಇದು ಮೊದಲ್ನೇ ಕವಲಿನ ತುದಿ ಮುಟ್ಟೂತನಕ ಎರಡನೇದ್ರ ಕಡೆ ನೋಡಂಗಿಲ್ಲ. ಆ ಕವಲಿನ ಮಂದಿ ಗುದ್ದಲಿ ಹಿಡ್ಕೊಂಡು ಬಂದ್ರ ನಿಮ್ಮ ಕಂಪ್ಯೂಟರಿಗೆ ಓಡಾಕ ಬರತೈತೇನ್ರಿ?"

ಇದು ಪಠ್ಯಪುಸ್ತಕದಲ್ಲಿ ಇರಲಿಲ್ಲ. ಇರಬೇಕಿತ್ತು.

೩

ಮರುಪರೀಕ್ಷೆಗೆ ಬಂದ ಪರೀಕ್ಷಕರೂ ಬೋನಾಳ ಕಡೆಯವರೇ, ನಗುವ ಅಭ್ಯಾಸವಿಲ್ಲದವರು. ಪ್ರೋಗ್ರಾಂ ಸರಿಯಾಗಿ ಓಡಿತು.

"ರಿಕರ್ಶನ್ನಿನ ತೊಂದರಿ ಏನವ್ವ?"

ಹುಡುಗಿ ಕಿಟಕಿಯಾಚೆ ನೋಡಿದಳು. ನಾನು ಕಣ್ಣು ಮುಚ್ಚಿಕೊಂಡೆ.

"ನಮ್ಮಪ್ಪ ಒಂದೊಂದ್ ಗೇಟ್ ತಗದಾಗೂ ಟವೆಲ್ಲಿಗೆ ಒಂದ್ ಗಂಟ್ ಹಾಕ್ತಾರ್ರಿ. ವಾಪಸ್ ಬರೂಮುಂದ ಗೇಟ್ ಮುಚ್ಚಿ ಗಂಟ್ ಬಿಚ್ತಾರ. ಕವಲಿನ್ಯಾಗ ಕವಲು ಬಾಳ ಆದ್ರ ಟವೆಲ್ ಸಾಲಂಗಿಲ್ರಿ. ಕಂಪ್ಯೂಟರಿಗೂ ಹಂಗ, ನೆನಪು ಸಾಲಂಗಿಲ್ಲ."

"ಆವಾಗ ಏನ್ ಮಾಡಬೇಕು?"

"ರಿಕರ್ಶನ್ ಬಿಟ್ಟು, ಗೇಟಿನ ಪಟ್ಟಿ ಇಟ್ಕೊಂಡು ಒಂದೊಂದಾಗಿ ಮುಗಸೂ ಲೂಪ್ ಬರೀಬೇಕ್ರಿ. ಅಪ್ಪಗ ಬರಿಯಾಕ ಬರಂಗಿಲ್ಲ. ಪಟ್ಟಿ ನಾ ಬರದ್ ಕೊಡ್ತೀನ್ರಿ."

ಪರೀಕ್ಷಕರು ಕನ್ನಡಕ ತೆಗೆದು ಒರೆಸಿದರು. "ಎಲ್ಲಿ ಅದಾರವ್ವ ನಿಮ್ಮಪ್ಪ?"

ಅವಳು ಕಿಟಕಿಯತ್ತ ಕೈ ತೋರಿದಳು. ಮಗಳನ್ನು ಸೈಕಲ್ಲಿನಲ್ಲಿ ಕರೆತಂದ ಅಪ್ಪ ಬೇವಿನ ಗಿಡದ ಕೆಳಗೆ ಉಗುರು ಕಚ್ಚುತ್ತ ನಿಂತಿದ್ದರು. ಹೆಗಲ ಮೇಲಿನ ಟವೆಲ್ಲಿನಲ್ಲಿ ಮೂರು ಗಂಟು.

ಪರೀಕ್ಷಕರು ಕುರ್ಚಿ ಬಿಟ್ಟು ಎದ್ದರು. "ಪಾಸವ್ವ, ನೀ ಪಾಸು! ಮೊದಲ ಅವರನ್ನ ಓಡಸು! ಮೂರು ಗೇಟ್ ತಗದಿಟ್ಟು ಬಂದಾರ, ಅಲ್ಲೇ ಕೆಳಗ ನನ್ನ ಮೆಣಸಿನಕಾಯಿ ಹೊಲ ಐತಿ!"