ಅಧಿಕ ಮಾಸದ ಎರಡನೇ ಸೂಜಿ

ನರ್ಸ್ ಪಂಕಜಾಕ್ಷಿಯ ಆ ದಿನದ ಪಾಡಿಗೆಲ್ಲ ಕಾರಣ ಅವಳೇ ತನ್ನ ದುಂಡು ಅಕ್ಷರದಲ್ಲಿ ಬರೆದಿದ್ದ ಮೂರು ಪದ. ನೇರಳೆಕಟ್ಟೆಯ ನಲವತ್ತು ಮಕ್ಕಳಿಗೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೂರನ್ನೂ ತಡೆಯುವ ಸೂಜಿಯ ಮೊದಲನೇ ಡೋಸ್ ಹಾಕಿದ ದಿನ, ಎರಡನೆಯದು ಯಾವಾಗ ಎಂಬ ಜಾಗದಲ್ಲಿ ನಲವತ್ತು ಕಾರ್ಡಿಗೂ 'ಒಂದು ತಿಂಗಳ ನಂತರ' ಎಂದು ಬರೆದುಕೊಟ್ಟಿದ್ದಳು. ತಾರೀಖು ಬರೆದಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ.

ಅದು ಎಂಬತ್ತೈದನೇ ಇಸವಿ. ಅವಳಿಗೆ ಅಜ್ಜಂಪುರದಲ್ಲಿ ಕೆಲಸ, ಗಂಡನಿಗೆ ತರೀಕೆರೆಯಲ್ಲಿ ಮೇಷ್ಟರ ಕೆಲಸ. ಮದುವೆಯಾಗಿ ಎರಡು ವರ್ಷವಾದರೂ ಸಂಸಾರ ಬರೀ ಭಾನುವಾರದ್ದು. "ನೇರಳೆಕಟ್ಟೆಯವರು ಮಹಾ ತರ್ಕದವರು. ಆ ನಲವತ್ತು ಮಕ್ಕಳಿಗೂ ಮೂರು ಡೋಸ್ ಮುಗಿಸಿ ತೋರಿಸಿ, ತರೀಕೆರೆಗೆ ವರ್ಗ ಮಾಡಿಸ್ತೀನಿ" ಎಂದು ದೊಡ್ಡ ಡಾಕ್ಟರು ಮಾತು ಕೊಟ್ಟಿದ್ದರು. ಹಾಗಾಗಿ ಆ ಬೆಳಿಗ್ಗೆ ಮೊದಲ ಬಸ್ಸಿಗೇ ಅವಳು ಐಸ್ ತುಂಬಿದ ಫ್ಲಾಸ್ಕನ್ನು ಹಸುಗೂಸಿನಂತೆ ಮಡಿಲಲ್ಲಿಟ್ಟುಕೊಂಡು ಬಂದಿಳಿದಳು. ಐಸ್ ಕರಗುವುದರೊಳಗೆ ಕೆಲಸ ಮುಗಿಯಬೇಕು.

ಸೂಜಿ ಹಾಕುವ ಜಾಗ ಹಳೇ ಶಾನುಭೋಗ ವೆಂಕಟಸುಬ್ಬಯ್ಯನವರ ಜಗಲಿ. ಊರಿಗೆಲ್ಲ ಇದ್ದದ್ದು ಒಂದೇ ಪಂಚಾಂಗ, ಅದು ಅವರದು. ಜನ ಸೇರಿದ್ದರು, ಮಕ್ಕಳೂ ಇದ್ದವು, ಆದರೆ ಒಂದು ತೋಳೂ ಮುಂದೆ ಬರಲಿಲ್ಲ.

"ಪೇಪರ್‌ನಾಗೆ ಬಂದೈತೆ ಕಣ್ರೀ, ಕಡೂರು ಕಡೆ ಆಗ್ಲೇ ಎರಡನೇದು ಮುಗೀತಂತೆ. ನಾವೇ ಹಿಂದೆ ಬಿದ್ದಿರೋದು" ಎಂದ ಅಂಗಡಿ ಬೆನಕಪ್ಪ. "ರಾಗಿಗೆ ಎರಡನೇ ಕುಂಟೆ ತಡ ಆದ್ರೆ ಕಳೆ ಮೇಲೇಳಲ್ವಾ?"

"ಬೇಗ ಹೊಡೆದ್ರೆ ಪೈರೇ ಕಿತ್ಕೊಂಡು ಬತ್ತದೆ" ಎಂದಿತು ಹಿಂದಿನಿಂದ ಒಂದು ದನಿ.

ವೆಂಕಟಸುಬ್ಬಯ್ಯನವರು ಕನ್ನಡಕ ಏರಿಸಿದರು. "ಕಾರ್ಡಿನಲ್ಲಿ ಒಂದು ತಿಂಗಳು ಅಂತಿದೆ. ತಿಂಗಳು ಇನ್ನೂ ಆಗಿಲ್ಲವಲ್ಲಮ್ಮ."

"ಮೂವತ್ತು ದಿನ ಆಯ್ತಲ್ಲ ಶಾನುಭೋಗರೇ!"

"ದಿನ ಆಗಿದೆ ತಾಯಿ, ತಿಂಗಳಾಗಿಲ್ಲ. ಈಗ ನಡೀತಿರೋದು ಅಧಿಕ ಶ್ರಾವಣ. ಲೆಕ್ಕಕ್ಕಿಲ್ಲದ ತಿಂಗಳು. ಮದುವೆ ಇಲ್ಲ, ಮುಂಜಿ ಇಲ್ಲ, ಗೃಹಪ್ರವೇಶ ಇಲ್ಲ. ಸೂಜಿ ಮಾತ್ರ ಇದೆಯೋ?"

"ಮಕ್ಕಳ ರಕ್ತಕ್ಕೆ ಅಧಿಕ ಮಾಸ ಗೊತ್ತಾಗುತ್ತಾ?"

"ಚಂದ್ರನಿಗೆ ಗೊತ್ತು. ಚಂದ್ರನಿಂದ ಸಮುದ್ರದ ನೀರಿಗೆ ಗೊತ್ತು. ರಕ್ತವೂ ನೀರೇ ತಾನೆ?"

ಜಗಲಿಯವರೆಲ್ಲ ಬೆರಗಾಗಿ ತಲೆದೂಗಿದರು. ಇಷ್ಟು ದೊಡ್ಡ ಮಾತು ಆ ಜಗಲಿಯ ಮೇಲೆ ಹುಟ್ಟಿ ಬಹಳ ದಿನವಾಗಿತ್ತು. ಪಂಕಜಾಕ್ಷಿಗೆ ಮಾತ್ರ ಅಳು ಬಂತು.

ಅಷ್ಟರಲ್ಲಿ ಮೊಮ್ಮಗಳನ್ನು ಎತ್ತಿಕೊಂಡಿದ್ದ ಮುದುಕಿ ಹನುಮಂತಮ್ಮ ಫ್ಲಾಸ್ಕಿನ ಮುಚ್ಚಳ ತೆಗೆಸಿ, ಒಳಗೆ ಬೆರಳಿಟ್ಟು, ಚಕ್ಕನೆ ಕಿತ್ತುಕೊಂಡಳು. "ಅಯ್ಯಪ್ಪಾ! ನೀರು ಕಲ್ಲಾಗೈತೆ! ಕಲ್ಲು ಸುಡ್ತೈತೆ!" ಎಂದದ್ದೇ ತಡ, ಊರಿಗೂರೇ ಸಾಲು ನಿಂತಿತು. ಒಬ್ಬೊಬ್ಬರೂ ಬಗ್ಗಿ, ದೇವರ ದರ್ಶನದಂತೆ ಐಸ್ ನೋಡಿ, ಕೈ ಮುಗಿದು ಸರಿದರು. ಪ್ರತಿ ದರ್ಶನಕ್ಕೂ ಐಸ್ ಒಂದಿಷ್ಟು ಕರಗಿತು.

ಹನುಮಂತಮ್ಮ ಮಾತ್ರ ಸರಿಯಲಿಲ್ಲ. ಹೆಬ್ಬೆರಳಿನಷ್ಟಿದ್ದ ಔಷಧದ ಬಾಟಲಿಯನ್ನೇ ನೋಡುತ್ತ ನಿಂತಳು. "ನರ್ಸಮ್ಮ, ಒಂದೇ ವಾರದಾಗೆ ನನ್ನ ಎರಡು ಮಕ್ಳನ್ನ ಗಂಟಲಮಾರಿ ತಗಂಡೋಯ್ತು. ಅಂಥ ಮಾರಿನ ಇಷ್ಟೇ ಇಷ್ಟು ನೀರು ತಡೀತೈತಾ?"

"ತಡೆಯುತ್ತೆ ಅಜ್ಜಿ."

ಹೇಳಿ ಪಂಕಜಾಕ್ಷಿ ಬಾಟಲಿಯನ್ನು ಬೆಳಕಿಗೆ ಹಿಡಿದಳು. ನೂರಾರು ಸಲ ಕೈಯಲ್ಲಿ ಹಿಡಿದಿದ್ದ ಬಾಟಲಿ ಅದು. ಇಷ್ಟು ಸಣ್ಣದರೊಳಗೆ ಎಷ್ಟು ದೊಡ್ಡದನ್ನು ತುಂಬಿಟ್ಟಿದ್ದಾರೆ ಎಂದು ಅವಳೂ ಅವತ್ತೇ ನೋಡಿದಳು. ಏನಾದರಾಗಲಿ, ಈ ಮಕ್ಕಳಿಗೆ ಹಾಕದೆ ಹೋಗಬಾರದು ಎನಿಸಿತು.

ಸೂಜಿ ಕುದಿಸಲು ಬೆಂಕಿ ಕೇಳಿಕೊಂಡು ಒಳಗೆ ಹೋದರೆ, ಒಲೆಯ ಮುಂದೆ ಶಾನುಭೋಗರ ಹೆಂಡತಿ ಭಾಗೀರಥಮ್ಮ ಕಜ್ಜಾಯ ಕರಿಯುತ್ತಿದ್ದರು.

"ಸ್ವಲ್ಪ ತಾಳೇ ಹುಡುಗಿ. ಮೂವತ್ತಮೂರು ಆಗೋವರೆಗೂ ಒಲೆ ಬಿಡೋ ಹಾಗಿಲ್ಲ. ಅಧಿಕ ಮಾಸದ ದಾನ. ಈ ತಿಂಗಳಲ್ಲಿ ಒಂದು ಕೊಟ್ಟರೆ ಮೂವತ್ತಮೂರು ಕೊಟ್ಟ ಫಲ ಗೊತ್ತಾ?"

ಮೂವತ್ತಮೂರನೆಯ ಕಜ್ಜಾಯ ಇಳಿದು, ಸೂಜಿಗಳು ಕುದಿಯುವಷ್ಟರಲ್ಲಿ ಪಂಕಜಾಕ್ಷಿಯ ತಲೆಯಲ್ಲೂ ಒಂದು ಉಪಾಯ ಕುದಿದಿತ್ತು. ಹೊರಗೆ ಬಂದವಳೇ ಕೇಳಿದಳು.

"ಶಾನುಭೋಗರೇ, ಅಧಿಕ ಮಾಸದಲ್ಲಿ ದಾನ ಮಾಡಬಹುದಾ?"

"ಮಾಡಲೇಬೇಕು. ಒಂದಕ್ಕೆ ಮೂವತ್ತಮೂರು ಪಟ್ಟು ಫಲ."

"ನಾನೇನು ಕಾಸು ಕೇಳ್ತಿದೀನಾ? ಇದೂ ಮಕ್ಕಳಿಗೆ ಮಾಡೋ ದಾನವೇ ತಾನೆ?"

ವೆಂಕಟಸುಬ್ಬಯ್ಯನವರು ಪಂಚಾಂಗ ತಿರುವಿದರು. ಸೂಜಿ ದಾನವಲ್ಲವೆಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ.

ಬೆನಕಪ್ಪ ಹತ್ತಿರ ಬಂದ. "ಅಂದ್ರೆ ನರ್ಸಮ್ಮ, ಇವತ್ತು ಹಾಕಿಸಿದ್ರೆ ಒಂದು ಸೂಜಿಗೆ ಮೂವತ್ಮೂರು ಸೂಜಿ ಫಲನಾ?"

ಪಂಕಜಾಕ್ಷಿಗೆ ಟ್ರೇನಿಂಗಿನಲ್ಲಿ ಓದಿದ್ದೆಲ್ಲ ಕಣ್ಮುಂದೆ ಬಂತು. ಆಮೇಲೆ ಕರಗುತ್ತಿದ್ದ ಐಸ್ ಬಂತು, ತರೀಕೆರೆಯ ಗಂಡ ಬಂದ.

"ಹೂಂ" ಎಂದಳು.

ಮುಂದಿನ ಒಂದು ಗಂಟೆ ಆ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. "ನಮ್ಮದು ಮೊದಲು", "ಲೇ, ತಳ್ಳಬ್ಯಾಡ ಕಣೋ" ಎಂಬ ಗದ್ದಲದಲ್ಲಿ ನಲವತ್ತು ಮಕ್ಕಳೂ ಅತ್ತು ಮುಗಿಸಿದವು. ಎಪ್ಪತ್ತು ದಾಟಿದ ಶಾನುಭೋಗರೂ ಅಂಗಿಯ ತೋಳು ಮಡಚಿ ಸಾಲಿನಲ್ಲಿ ನಿಂತಿದ್ದರು; ಅವರನ್ನು ಸಮಾಧಾನ ಮಾಡಿ ಕಳಿಸುವುದೇ ಕಷ್ಟವಾಯಿತು.

ಪಂಕಜಾಕ್ಷಿ ಈ ಸಲ ಬುದ್ಧಿ ಕಲಿತಿದ್ದಳು. ಪ್ರತಿ ಕಾರ್ಡಿನಲ್ಲೂ ಮೂರನೇ ಡೋಸಿನ ತಾರೀಖನ್ನು ದಪ್ಪಗೆ ಬರೆದು ಚಾಚಿದಳು. ಯಾರೂ ತೆಗೆದುಕೊಳ್ಳಲಿಲ್ಲ.

"ಮೂರನೇದು ಯಾಕವ್ವ?" ಎಂದ ಬೆನಕಪ್ಪ. "ಹೋದ ಸಲದ್ದು ಒಂದು, ಇವತ್ತಿಂದು ಮೂವತ್ಮೂರು. ಒಟ್ಟು ಮೂವತ್ನಾಕು. ಬೇಕಾಗಿದ್ದು ಮೂರೇ ಅಲ್ವಾ?"

"ಮೂವತ್ತೊಂದು ಮಿಕ್ಕಿತು" ಎಂದು ಶಾನುಭೋಗರು ಲೆಕ್ಕ ಒಪ್ಪಿಸಿದರು.

"ಅಯ್ಯೋ, ಅದು ನಾನು ಸುಮ್ಮನೆ ಹೇಳಿದ್ದು! ಔಷಧಕ್ಕೆ ಹಾಗೆಲ್ಲ ಫಲ ಬರಲ್ಲ. ಮೂರನೇದು ಹಾಕಿಸದೇ ಇದ್ರೆ ಪೂರ್ತಿ ಕಾಪಾಡಲ್ಲ. ಸುಳ್ಳು ಹೇಳಿದೆ ಕಣ್ರೀ, ತಪ್ಪಾಯ್ತು!"

ಹನುಮಂತಮ್ಮ ಕಣ್ಣೊರೆಸಿಕೊಂಡು ಕೈ ಮುಗಿದಳು. "ನೋಡ್ರಪ್ಪಾ, ಕೊಟ್ಟ ಕೈ ಎಂದಾದ್ರೂ ಕೊಟ್ಟೆ ಅಂತದಾ? ದೊಡ್ಡ ಗುಣ ಈ ತಾಯಿದು."

ಊರೆಲ್ಲ ಹೂಂಗುಟ್ಟಿತು. ಅವಳು ಸುಳ್ಳೆಂದು ಕೂಗಿದಷ್ಟೂ ಅವರ ಭಕ್ತಿ ಹೆಚ್ಚಿತು.

ಶಾನುಭೋಗರು ಬೆರಳು ಮಡಚಿ ಎಣಿಸಿದರು. "ಮುಂದಿನ ಅಧಿಕ ಮಾಸ ಎಂಬತ್ತೆಂಟರ ಜ್ಯೇಷ್ಠದಲ್ಲಿ ಬರುತ್ತೆ. ಹೊಸ ಮಕ್ಕಳಿಗೆಲ್ಲ ಆವಾಗಲೇ ಒಟ್ಟಿಗೆ ಹಾಕಿಸೋಣ. ಆದರೆ ನೀವೇ ಬರಬೇಕಮ್ಮ, ಬೇರೆ ಕೈ ಬೇಡ. ಅಲ್ಲೀವರೆಗೂ ನಿಮ್ಮನ್ನ ಎಲ್ಲಿಗೂ ವರ್ಗ ಮಾಡಕೂಡದು ಅಂತ ದೊಡ್ಡ ಡಾಕ್ಟರಿಗೆ ಇವತ್ತೇ ಕಾಗದ ಬರೀತೀನಿ. ಊರಿನವರೆಲ್ಲ ಸಹಿ ಹಾಕ್ತಾರೆ."

ಸಹಿ ಹಾಕಲು ಅಲ್ಲೇ ಸಾಲು ನಿಂತಿತು, ಸೂಜಿಗೆ ನಿಂತಿದ್ದಕ್ಕಿಂತ ಉದ್ದದ್ದು.

ಸಂಜೆ ಅಜ್ಜಂಪುರದ ಬಸ್ಸಿನಲ್ಲಿ ಪಂಕಜಾಕ್ಷಿಯ ಮಡಿಲಲ್ಲಿ ಬರೀ ನೀರು ತುಂಬಿದ ಫ್ಲಾಸ್ಕೂ, ಭಾಗೀರಥಮ್ಮ ದಾನ ಕೊಟ್ಟ ಕಜ್ಜಾಯದ ಗಂಟೂ ಇದ್ದವು. ಕಜ್ಜಾಯ ಕಡಿಯುತ್ತ ಅವಳೂ ಬೆರಳು ಮಡಚಿ ಎಣಿಸಿದಳು, ತರೀಕೆರೆಗೆ ಇನ್ನೆಷ್ಟು ತಿಂಗಳೆಂದು, ಈ ಆಗಸ್ಟಿನಿಂದ ಆ ಜ್ಯೇಷ್ಠ ಬರುವ ಎಂಬತ್ತೆಂಟರ ಮೇ ತಿಂಗಳವರೆಗೆ. ಎಣಿಸಿದಳು, ನಂಬದೆ ಇನ್ನೊಮ್ಮೆ ಎಣಿಸಿದಳು. ಸರಿಯಾಗಿ ಮೂವತ್ತಮೂರು ತಿಂಗಳು.

ಅಧಿಕ ಮಾಸದಲ್ಲಿ ಅವಳು ಕೊಟ್ಟದ್ದು ಒಂದೇ ಒಂದು ಸುಳ್ಳು.